ನೆರೆ ಇಳಿದ ಊರಿನಲ್ಲಿ ಒಂದು ವಾರ



ಡಿಸೆಂಬರ್ ಬಂತೆಂದರೆ ನಿಮ್ಮಲ್ಲಿ ಹೆಚ್ಚಿನವರು ಗೋವೆಗೋ ಮಹಾಬಳೇಶ್ವರಕ್ಕೋ ಹೊರಡುವ ಲೆಕ್ಕಾಚಾರದಲ್ಲಿರುತ್ತೀರಿ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಒಂದು ವರ್ಷವಾದರೂ ಆ ರಜೆಯನ್ನು ಉಳಿಸಿಕೊಂಡು ಚೆನ್ನೈಗೆ ಹೋಗಿಬನ್ನಿ ಎಂದು ಹೇಳಲು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅಲ್ಲಿ ಧನುರ್ಮಾಸವೆಂದರೆ ಹಾಡಿನ ತಿಂಗಳು. ಅವರು ಅದನ್ನು 'ಮಾರ್ಗಳಿ' ಎನ್ನುತ್ತಾರೆ. ನಮಗೆ ಮುಂಬಯಿಯಲ್ಲಿ ಒಂದು ಷಣ್ಮುಖಾನಂದ ಸಭಾಗೃಹವಿದೆಯಲ್ಲ, ಅಂಥ ಹತ್ತಾರು ಸಭಾಗಳು ಒಂದೇ ಊರಿನಲ್ಲಿ, ಒಂದೇ ತಿಂಗಳಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಬಾಗಿಲು ತೆರೆದು ಕುಳಿತರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಯಲ್ಲೇ ಅಖಿಲ ಭಾರತ ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಡಿಸೆಂಬರ್ ಸಂಗೀತೋತ್ಸವ ಬೆಳೆದದ್ದು ಅಲ್ಲಿಂದ. 2017ರಲ್ಲಿ ಯುನೆಸ್ಕೊ ಚೆನ್ನೈಯನ್ನು ತನ್ನ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿದ್ದೂ ಸಂಗೀತದ ಹೆಸರಿನಲ್ಲಿಯೇ.

ಆದರೆ ನಾನು ಹೇಳಹೊರಟಿರುವುದು ಆ ಮನ್ನಣೆಗೂ ಎರಡು ವರ್ಷ ಹಿಂದಿನ ಸಂಗತಿ. ನಾನೂ ನನ್ನ ಮಗಳೂ ಚೆನ್ನೈಗೆ ಹೋದದ್ದು 2015ರ ಡಿಸೆಂಬರ್ ಕೊನೆಯ ವಾರದಲ್ಲಿ. ಊರು ಮುಳುಗಿ ಎದ್ದು ಇನ್ನೂ ನಾಲ್ಕು ವಾರ ತುಂಬಿರಲಿಲ್ಲ.

ಹೊರಡುವ ಮುನ್ನ

ನನ್ನ ಸೋದರತ್ತೆ ಮದುವೆಯಾಗಿ ಹೋದದ್ದು ಮದರಾಸಿನಲ್ಲಿ ನೆಲೆಸಿದ್ದ ಕನ್ನಡ ಮನೆತನಕ್ಕೆ. ಮಾವ ತೀರಿಕೊಂಡ ಮೇಲೆ ಸೈದಾಪೇಟೆಯ ಒಂದು ಓಣಿಯಲ್ಲಿ, ನೆಲಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಒಬ್ಬರೇ ಇದ್ದರು. ಓಣಿಯ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಆಗ ಅವರಿಗೆ 76 ವರ್ಷ. ಮಗಳಿಗೆ 19. ಡಿಸೆಂಬರ್ ರಜೆಗೆ ಅತ್ತೆಯ ಮನೆಗೆ ಹೋಗಿ ಕಚೇರಿಗಳನ್ನು ಕೇಳಿ ಬರುವುದೆಂದು ಸೆಪ್ಟೆಂಬರಿನಲ್ಲೇ ರೈಲಿನ ಟಿಕೆಟ್ ತೆಗೆಸಿದ್ದೆವು.

ಡಿಸೆಂಬರ್ 1ರ ರಾತ್ರಿ ಟಿ.ವಿ.ಯಲ್ಲಿ ನೋಡಿದೆವು. ಮರುದಿನದಿಂದ ಅತ್ತೆಯ ದೂರವಾಣಿ ಸತ್ತುಹೋಯಿತು. ಮೊಬೈಲ್ ಕೂಡ ಇಲ್ಲ. ಚೆನ್ನೈ ವಿಮಾನ ನಿಲ್ದಾಣದೊಳಗೆ ನೀರು ನುಗ್ಗಿ ಹಾರಾಟ ನಿಂತಿತು. ರೈಲುಗಳು ನಿಂತವು. 1878ರಿಂದ ಬರುತ್ತಿದ್ದ 'ದಿ ಹಿಂದೂ' ಪತ್ರಿಕೆಯ ಚೆನ್ನೈ ಆವೃತ್ತಿ ಡಿಸೆಂಬರ್ 2ರಂದು ಅಚ್ಚಾಗಲೇ ಇಲ್ಲ. ಕೆಲಸದವರು ಮುದ್ರಣಾಲಯ ತಲುಪುವ ಹಾಗಿರಲಿಲ್ಲ.

2005ರ ಜುಲೈ 26 ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಆಗ ಕೈಗೂಸುಗಳಾಗಿದ್ದವರು ಅಪ್ಪ ಅಮ್ಮನನ್ನು ಕೇಳಿ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ರಾತ್ರಿ ಮನೆಗೆ ಬಾರದವರಿಗಾಗಿ ಕಾದವರಿಗೆಲ್ಲ ಈ ದಿಗಿಲು ಹೊಸದಲ್ಲ.

ಐದನೆಯ ದಿನ ಯಾರದೋ ಮೊಬೈಲಿನಿಂದ ಅತ್ತೆಯ ದನಿ ಬಂತು. ನಡುರಾತ್ರಿ ಕಳೆದ ಮೇಲೆ ಮನೆಗೆ ನೀರು ನುಗ್ಗಿತಂತೆ. ಎರಡನೆಯ ಮಹಡಿಯ ತಮಿಳು ಸಂಸಾರದವರು ಕತ್ತಲಲ್ಲೇ ಇಳಿದು ಬಂದು, ಕೈಹಿಡಿದು ಮೇಲಕ್ಕೆ ಕರೆದೊಯ್ದರಂತೆ. ನಾಲ್ಕು ದಿನ ಅವರಲ್ಲೇ ಊಟ. ಟಿಕೆಟ್ ರದ್ದು ಮಾಡಿಸುತ್ತೇನೆ ಎಂದೆ.

"ಯಾಕೋ ರದ್ದು ಮಾಡ್ತೀಯಾ? ಬನ್ನಿ. ಮನೆ ತೊಳೆಯೋಕೆ ಕೈ ಬೇಕು. ಸಾಯಂಕಾಲ ಕಚೇರಿಗೂ ಹೋಗಬಹುದು," ಎಂದರು ಅತ್ತೆ.

ದಾರಿಯಲ್ಲಿ

ದಾದರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ಕರ್ನಾಟಕ. ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳಿ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರುಗಳನ್ನು ದಾಟಿಕೊಂಡು ಹೋಗುತ್ತದೆ. ಇದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕಿಟಕಿಯ ಹೊರಗೆ ತೊಗರಿಯ ಹೊಲ, ಪ್ಲಾಟ್‌ಫಾರಂ ಮೇಲೆ ಕನ್ನಡ. ಮಗಳು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು ಊರಿನ ಫಲಕಗಳನ್ನು ಓದುತ್ತಿದ್ದಳು. ಮೊದಲು ಕಣ್ಣು ಹೋಗುತ್ತಿದ್ದುದು ಹಿಂದಿಗೆ. ಅದನ್ನು ಓದಿಕೊಂಡ ಮೇಲೆ ಕನ್ನಡದ ಅಕ್ಷರಗಳನ್ನು ಹೊಂದಿಸಿ ನೋಡುತ್ತಿದ್ದಳು. ನೀವೂ ಹಾಗೆಯೇ ಓದುತ್ತೀರಿ, ನನಗೆ ಗೊತ್ತು. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತೀರಿ, ಬರೆಯಬೇಕಾದಾಗ ಪೆನ್ನು ದೇವನಾಗರಿಗೆ ಹೊರಳುತ್ತದೆ. ನಾಚಿಕೆಪಡಬೇಡಿ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಚೆನ್ನೈ ತಲುಪುವಾಗ ಕತ್ತಲಾಗಿತ್ತು. ಆಟೋದವನು ಸೈದಾಪೇಟೆ ಎಂದೊಡನೆ, "ಅಲ್ಲಿ ನಿಮ್ಮವರು ಇದ್ದಾರಾ? ಚೆನ್ನಾಗಿದ್ದಾರಾ?" ಎಂದು ಕೇಳಿದ. ಮೀಟರಿನ ಮಾತು ಆಮೇಲೆ ಬಂತು.

ಗೋಡೆಯ ಮೇಲಿನ ಗೆರೆ

ಬೆಳಗ್ಗೆ ಎದ್ದು ನೋಡಿದರೆ ಓಣಿಯ ಉದ್ದಕ್ಕೂ ಎಲ್ಲ ಗೋಡೆಗಳ ಮೇಲೂ ಒಂದೇ ಮಟ್ಟದಲ್ಲಿ ಕಂದು ಗೆರೆ. ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು. ಬೀದಿಯ ಕೊನೆಯಲ್ಲಿ ನೆನೆದ ಹಾಸಿಗೆಗಳ ರಾಶಿ, ಬಾಗಿಲು ಕಿತ್ತ ಫ್ರಿಜ್‌ಗಳು, ಹೊಟ್ಟೆ ಬಿರಿದ ಪುಸ್ತಕಗಳು. ಹೊರ ಜಿಲ್ಲೆಗಳಿಂದ ಬಂದ ಪೌರಕಾರ್ಮಿಕರು ಅದನ್ನೆಲ್ಲ ಲಾರಿಗೆ ತುಂಬುತ್ತಿದ್ದರು. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹತ್ತಿಕೊಂಡೇ ಇರುತ್ತಿತ್ತು. ಮೆಕ್ಯಾನಿಕ್ ಅಂಗಡಿಗಳ ಮುಂದೆ ಕೆಸರು ಕುಡಿದ ಸ್ಕೂಟರು, ಬೈಕುಗಳ ಸಾಲು. ಮಹಡಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗಗಳಲ್ಲಿ ಶಾಲೆಯ ಅಂಕಪಟ್ಟಿ, ಮನೆಪತ್ರ, ಪಡಿತರ ಚೀಟಿ. ಹೋದ ದಾಖಲೆಗಳ ನಕಲು ಕೊಡಲು ಸರ್ಕಾರ ವಿಶೇಷ ಶಿಬಿರಗಳನ್ನೇ ನಡೆಸಬೇಕಾಯಿತು.

ಇದೆಲ್ಲ ಹೇಗಾಯಿತು ಎಂಬುದನ್ನು ತಿಳಿಯಬೇಕು. ನಮ್ಮ ಮಳೆಗಾಲ ಮುಗಿದ ಮೇಲೆ ಚೆನ್ನೈಯ ಮಳೆಗಾಲ ಶುರು. ಈಶಾನ್ಯ ಮಾರುತ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. 2015ರ ನವೆಂಬರ್ ಒಂದೇ ತಿಂಗಳಲ್ಲಿ ಅಲ್ಲಿ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗಿತ್ತು. ಸುತ್ತಲಿನ ಕೆರೆಗಳೆಲ್ಲ ಕಟ್ಟೆಯವರೆಗೆ ತುಂಬಿದ್ದವು. ಅದರ ಮೇಲೆ ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದು ದಿನದಲ್ಲಿ 49 ಸೆಂಟಿಮೀಟರ್ ಸುರಿಯಿತು. ಊರಿನ ಪಶ್ಚಿಮಕ್ಕಿರುವ ಚೆಂಬರಂಬಾಕ್ಕಂ ಕೆರೆಯಿಂದ ಆ ರಾತ್ರಿ ಬಿಟ್ಟ ನೀರು 29,000 ಕ್ಯೂಸೆಕ್ಸ್, ಎಂದರೆ ಸೆಕೆಂಡಿಗೆ 8 ಲಕ್ಷ ಲೀಟರಿಗೂ ಹೆಚ್ಚು. ಕೆಳಗಿನ ಕೆರೆಕುಂಟೆಗಳ ನೀರೂ ಸೇರಿಕೊಂಡು ಎಲ್ಲವೂ ಅಡ್ಯಾರ್ ನದಿಗೆ ಇಳಿಯಿತು. ಬೇಸಿಗೆಯಲ್ಲಿ ಚರಂಡಿಯಂತೆ ಕಾಣುವ ನದಿ ಅದು. ವಿಮಾನ ನಿಲ್ದಾಣದ ಒಂದು ಓಡುದಾರಿ ಇದೇ ನದಿಯ ಮೇಲೆ ಹಾದುಹೋಗುತ್ತದೆ. ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೋಟ್ಟೂರುಪುರಂ ಎಲ್ಲ ಅದರ ದಡದಲ್ಲೇ ಇವೆ. ದಕ್ಷಿಣಕ್ಕೆ ನೀರನ್ನು ಹೀರಿಕೊಳ್ಳಬೇಕಾಗಿದ್ದ ಪಳ್ಳಿಕರಣೈ ಜೌಗು ಪ್ರದೇಶ ಕಟ್ಟಡಗಳಿಗೂ ಕಸಕ್ಕೂ ಎಡೆಕೊಟ್ಟು ಹಿಂದಿನದರ ಹತ್ತರಲ್ಲೊಂದು ಪಾಲಿನಷ್ಟಾಗಿತ್ತು. ಇದು ಮಾನವ ನಿರ್ಮಿತ ವಿಪತ್ತು ಎಂದು ಮುಂದೆ 2018ರಲ್ಲಿ ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿಯೇ ಹೇಳಿತು. ನಮ್ಮ ಮೀಠಿ ನದಿಯ ಕತೆ ಓದಿದವರಿಗೆ ಇದು ಬೇರೆ ಕತೆ ಎನ್ನಿಸುವುದಿಲ್ಲ. ಆ ಮಳೆಗಾಲದಲ್ಲಿ ತಮಿಳುನಾಡಿನಲ್ಲಿ ನಾನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು.

ಮುಳುಗಿದವರನ್ನು ಮೊದಲು ಎತ್ತಿದವರಲ್ಲಿ ಕಡಲತೀರದ ಬೆಸ್ತರಿದ್ದರು. ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಬಂದು, ಬೀದಿ ಬೀದಿಗಳಲ್ಲಿ ಹುಟ್ಟು ಹಾಕಿದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲೆ ಬಡಿದದ್ದು ಅವರ ಕುಪ್ಪಗಳಿಗೆ. ಅದೂ ಇದೇ ಹಾಡಿನ ತಿಂಗಳಲ್ಲಿ.

ಕಚೇರಿ ಬೇಕೇ?

ಈ ವರ್ಷ ಸಂಗೀತೋತ್ಸವ ಬೇಕೇ ಎಂಬ ಚರ್ಚೆ ಆ ತಿಂಗಳು ಊರಿನಲ್ಲಿ ನಡೆದೇ ಇತ್ತು. ನನಗೂ ಮುಜುಗರ. ಬೆಳಗ್ಗೆ ಕೆಸರು ಬಾಚಿ ಸಂಜೆ ಜರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುವುದೆಂದರೆ ಹೇಗೆ? ಅತ್ತೆಯ ಮುಂದೆ ಅಂದೆ.

ಅತ್ತೆ ನೆಲ ಒರೆಸುತ್ತಿದ್ದ ಬಟ್ಟೆ ಹಿಂಡಿ ಹೇಳಿದರು: "ಸೂತಕದ ಮನೇಲಿ ಹಾಡಬಾರದು ಅಂತಾರೆ. ನಿಜವೇ. ಆದ್ರೆ ಮೃದಂಗದವನು, ತಂಬೂರಿಯವಳು, ಮೈಕ್ ಕಟ್ಟೋ ಹುಡುಗ, ಕ್ಯಾಂಟೀನಿನಲ್ಲಿ ವಡೆ ತಟ್ಟೋಳು, ಇವರಿಗೆಲ್ಲ ವರ್ಷದ ದುಡಿಮೆ ಇದೊಂದು ತಿಂಗಳು ಕಣೋ. ಅವರ ಮನೆಗೂ ನೀರು ಬಂದಿದೆ. ನೀನು ಹೋಗದೇ ಇದ್ರೆ ಯಾರಿಗೆ ಉಪಕಾರ ಆಯ್ತು?"

ಹೋದೆವು. ಆ ವರ್ಷ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಸಂಜಯ್ ಸುಬ್ರಹ್ಮಣ್ಯನ್. ಅವರ ಕಚೇರಿಗೆ ಟಿಕೆಟ್ ಸಿಗುವ ಮಾತೇ ಇರಲಿಲ್ಲ. ಮಧ್ಯಾಹ್ನದ ಕಚೇರಿಗಳಲ್ಲಿ ಎಳೆಯ ಕಲಾವಿದರು ಹಾಡುತ್ತಾರೆ. ಹೆಚ್ಚಿನ ಕಡೆ ಟಿಕೆಟ್ ಬೇಕಿಲ್ಲ. ಮಯಿಲಾಪುರದ ಒಂದು ಸಭಾದಲ್ಲಿ ನಿಮ್ಮ ವಯಸ್ಸಿನ ಒಬ್ಬ ಹುಡುಗಿ ಹಾಡಲು ಕುಳಿತಿದ್ದಳು. ಅರ್ಧ ಕುರ್ಚಿಗಳು ಖಾಲಿ. ಬಾಗಿಲಲ್ಲಿ ನೆರೆ ಪರಿಹಾರದ ಹುಂಡಿ. ಪಕ್ಕದಲ್ಲಿ ಕುಳಿತಿದ್ದ ಮುದುಕರ ಚಪ್ಪಲಿಯ ಅಂಚಿನಲ್ಲಿ ನಮ್ಮದರಂತೆಯೇ ಒಣಗಿದ ಕೆಸರು. ಹುಡುಗಿ ಕಾಂಭೋಜಿ ರಾಗವನ್ನು ಎತ್ತಿಕೊಂಡಳು. ಐದು ನಿಮಿಷವಾದ ಮೇಲೆ ನೋಡುತ್ತೇನೆ, ಅತ್ತೆ ಕಣ್ಣುಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತಿದ್ದಾರೆ. ನೀರು ನುಗ್ಗಿದ ರಾತ್ರಿಯಿಂದ ಅವರು ಹಾಡಿನ ಕಡೆ ಕಿವಿಗೊಟ್ಟದ್ದು ಅದೇ ಮೊದಲಂತೆ.

ಕೊನೆಗೆ ಆ ಹುಡುಗಿ ಒಂದು ದೇವರನಾಮ ಹಾಡಿದಳು. ಕನ್ನಡ! ಮಗಳು ನನ್ನ ತೋಳು ತಿವಿದಳು. ಉಚ್ಚಾರ ಮಾತ್ರ ಅಲ್ಲಲ್ಲಿ ಎಡವುತ್ತಿತ್ತು. ಅತ್ತೆ ತುಟಿಯಲ್ಲೇ ತಿದ್ದುತ್ತಿದ್ದರು.

ಮಿತ್ರರೇ, ಇದನ್ನು ನೀವು ತಿಳಿದಿರಬೇಕು. ಚೆನ್ನೈಯಲ್ಲಿ ಮಗು ಸಂಗೀತ ಕಲಿಯಲು ಕುಳಿತರೆ ಸರಳೆ ವರಸೆ, ಜಂಟಿ ವರಸೆ ಮುಗಿಸಿ ಮೊದಲು ಕಲಿಯುವ ಹಾಡು ಮಲಹರಿ ರಾಗದ ಪಿಳ್ಳಾರಿ ಗೀತೆ. ಅದು ನಮ್ಮ ಪುರಂದರದಾಸರದು. ಈ ಪಾಠಕ್ರಮವನ್ನು ಹಾಕಿಕೊಟ್ಟವರೂ ಅವರೇ ಎಂಬುದು ಪರಂಪರೆಯ ನಂಬಿಕೆ. ಅದಕ್ಕೇ ಅವರು ಸಂಗೀತ ಪಿತಾಮಹರು. ಎಂ.ಎಲ್. ವಸಂತಕುಮಾರಿಯವರಂಥ ದೊಡ್ಡ ಗಾಯಕಿ ದೇವರನಾಮಗಳನ್ನು ಕಚೇರಿಯ ವೇದಿಕೆಯ ಮೇಲೆ ಮೆರೆಸಿದರು. ಹೀಗಾಗಿ ಕನ್ನಡದ ಒಂದಕ್ಷರ ಬಾರದ ಸಾವಿರಾರು ತಮಿಳು ಮಕ್ಕಳ ಬಾಯಲ್ಲಿ ಕನ್ನಡವಿದೆ.

ಎಂಬತ್ತಾರು ಹಾಡುಗಳು

ಈಗ ಅತ್ತೆಯ ಮನೆಗೆ ಬರೋಣ. ಅವರ ವೀಣೆ ಎರಡು ದಿನ ನೀರಿನಲ್ಲಿತ್ತು. ಹಲಸಿನ ಮರ ಬಾತು ಬಿರಿದಿತ್ತು, ಮೆಟ್ಟಿಲುಗಳನ್ನು ಹಿಡಿದಿದ್ದ ಮೇಣ ಎದ್ದು ಬಂದಿತ್ತು. ವಾದ್ಯ ರಿಪೇರಿಯವನ ಅಂಗಡಿಗೆ ನಾನೇ ಹೊತ್ತುಕೊಂಡು ಹೋದೆ. ಅಲ್ಲಿ ಗೋಡೆಗೆ ಒರಗಿಸಿದ ಮೃದಂಗಗಳೇ ಇಪ್ಪತ್ತರ ಮೇಲಿದ್ದವು. ಚರ್ಮವೆಲ್ಲ ಕೊಳೆತು, ವಾರುಗಳು ಸಡಿಲಿ, ಬರಿಯ ಮರದ ಒಡಲು ಉಳಿದವು. "ಬಿಸಿಲಿಗೆ ಇಡಬೇಡಿ, ನೆರಳಲ್ಲಿ ತಾನಾಗಿ ಒಣಗಲಿ. ಅವಸರ ಮಾಡಿದ್ರೆ ಇನ್ನಷ್ಟು ಸೀಳುತ್ತೆ," ಎಂದ ಆತ. ಅವನ ಬೆರಳ ತುದಿಗಳು ಕರಣೆಯ ಕಪ್ಪಿನಿಂದ ಕರಿದಾಗಿದ್ದವು. ಕಚೇರಿಯ ಬ್ಯಾನರಿನಲ್ಲಿ ಇಂಥವರ ಹೆಸರು ಇರುವುದಿಲ್ಲ. 2020ರಲ್ಲಿ ಟಿ.ಎಂ. ಕೃಷ್ಣ ಮೃದಂಗ ಮಾಡುವವರ ಬದುಕಿನ ಮೇಲೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. ಸಿಕ್ಕಿದರೆ ಓದಿ.

ವೀಣೆಯ ಬಗ್ಗೆ ಅತ್ತೆ ಅಷ್ಟೇನೂ ಅಳಲಿಲ್ಲ. ಅಳುತ್ತಿದ್ದುದು ಒಂದು ನೋಟುಪುಸ್ತಕಕ್ಕಾಗಿ. ಅವರ ತಾಯಿ, ಎಂದರೆ ನನ್ನ ಅಜ್ಜಿ, ಶಾಯಿಯಲ್ಲಿ ಬರೆದುಕೊಟ್ಟ ಹಾಡಿನ ಪುಸ್ತಕ. 86 ಹಾಡುಗಳು. ಕಬ್ಬಿಣದ ಟ್ರಂಕಿನ ಅಡಿಯಲ್ಲಿ, ರೇಷ್ಮೆ ಸೀರೆಯಲ್ಲಿ ಸುತ್ತಿ, ಭದ್ರವಾಗಿ ಇಟ್ಟಿದ್ದರು. ನೀರಿಳಿದ ಮೇಲೆ ಟ್ರಂಕು ತೆರೆದರೆ ಶಾಯಿಯೆಲ್ಲ ಕರಗಿ, ಸೀರೆಯ ಬಣ್ಣವೂ ಸೇರಿ, ಒಂದು ನೀಲಿ ಮುದ್ದೆ.

ಮೂರನೆಯ ದಿನ ಅವರ ಹಳೆಯ ಶಿಷ್ಯೆಯೊಬ್ಬಳು ತನ್ನ ಪಾಠದ ಪುಸ್ತಕ ಹಿಡಿದುಕೊಂಡು ಬಂದಳು. ಅವಳ ಮನೆ ಎತ್ತರದಲ್ಲಿತ್ತು, ನೀರು ಹೋಗಿರಲಿಲ್ಲ. "ಮಾಮಿ, ನೀವು ಹೇಳಿಕೊಟ್ಟದ್ದೆಲ್ಲ ಇದರಲ್ಲಿದೆ," ಎಂದಳು. ಇತ್ತು, ಆದರೆ ತಮಿಳು ಲಿಪಿಯಲ್ಲಿ.

ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಬ ಕೂಡ ಹಾಗೆಯೇ. ಸಂಗೀತದ ಪುಸ್ತಕಗಳಲ್ಲಿ ಅಕ್ಷರದ ಪಕ್ಕ 2, 3, 4 ಎಂಬ ಸಣ್ಣ ಅಂಕಿ ಹಾಕಿ ಬೇರೆ ಮಾಡುತ್ತಾರೆ. ಈ ಹುಡುಗಿ ಕೆಲವೆಡೆ ಹಾಕಿದ್ದಳು, ಹಲವೆಡೆ ಮರೆತಿದ್ದಳು. 'ಗುಡಿ'ಯೋ 'ಕುಡಿ'ಯೋ, 'ಬಾಲ'ನೋ 'ಪಾಲ'ನೋ ನೋಡಿದರೆ ತಿಳಿಯದು. ಕನ್ನಡ ಬಲ್ಲ ಕಿವಿ ಬೇಕು. ಅತ್ತೆಯ ಕನ್ನಡಕವನ್ನೂ ನೀರು ಒಯ್ದಿತ್ತು. ನನಗೆ ತಮಿಳು ಓದಲು ಬಾರದು.

ಆಗ ಮಗಳು ಕುಳಿತಳು. ಶಿಷ್ಯೆ ಓದುವುದು, ಅತ್ತೆ ಕೇಳಿ ತಿದ್ದುವುದು, ಇವಳು ಬರೆಯುವುದು. ಬರೆದದ್ದು ದೇವನಾಗರಿಯಲ್ಲಿ! ಅದರಲ್ಲಿ ಕ ಬೇರೆ, ಗ ಬೇರೆ. ಹ್ರಸ್ವ ಎ, ಒ ಬಂದಾಗ ತಲೆಯ ಮೇಲೆ ಒಂದು ಗುರುತು ಹಾಕಿಕೊಂಡಳು. "ಅಜ್ಜಿ, ಇದು ಗ ನಾ ಕ ನಾ?" "ಗ ಪುಟ್ಟಿ, ಗಂಟೆಯ ಗ." ಹೀಗೆ ಬೆಳಗಿನಿಂದ ಸಂಜೆಯವರೆಗೆ. ಸುದ್ದಿ ಹಬ್ಬಿ ಇನ್ನಿಬ್ಬರು ಶಿಷ್ಯೆಯರು ತಮ್ಮ ಪುಸ್ತಕ ತಂದರು. ಒಂದರಲ್ಲಿ ಇಲ್ಲದ ಚರಣ ಇನ್ನೊಂದರಲ್ಲಿ ಸಿಗುತ್ತಿತ್ತು.

ಒಂದು ಹಾಡಿನ ನಡುವಿನ ಸಾಲು ಯಾರ ಪುಸ್ತಕದಲ್ಲೂ ಇರಲಿಲ್ಲ. ಅತ್ತೆಗೂ ಹೊಳೆಯಲಿಲ್ಲ. ಕಸ ಗುಡಿಸುತ್ತಿದ್ದ ಮನೆಗೆಲಸದಾಕೆ, ತಲೆ ಎತ್ತದೆಯೇ, ಆ ಸಾಲನ್ನು ಹಾಡಿ ಮುಂದಿನ ಮೂಲೆಗೆ ಹೋದಳು. ಇಪ್ಪತ್ತು ವರ್ಷ ಆ ಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡದ್ದು. ಆಕೆ ಯಾವ ಸಭಾದ ಮೆಟ್ಟಿಲನ್ನೂ ಹತ್ತಿದವಳಲ್ಲ. ಅತ್ತೆ ಎದ್ದು ಹೋಗಿ ಅವಳ ಕೈಯಿಂದ ಪೊರಕೆ ತೆಗೆದಿಟ್ಟು, ಕುರ್ಚಿಯಲ್ಲಿ ಕೂರಿಸಿ, ಕಾಫಿ ಮಾಡಿ ತಂದರು.

ಆಕೆಯ ಗುಡಿಸಲು ನದಿಯ ದಡದಲ್ಲಿತ್ತು. ನೆರೆಯಲ್ಲಿ ಅದರ ಗುರುತೂ ಉಳಿದಿರಲಿಲ್ಲ. ಮಗಳ ಹತ್ತನೆಯ ತರಗತಿಯ ಅಂಕಪಟ್ಟಿಗೆ ಶಿಬಿರದಲ್ಲಿ ನಕಲು ಸಿಕ್ಕಿತು. ಗಂಡನದೊಂದೇ ಒಂದು ಫೋಟೋ ಇತ್ತಂತೆ. ಅದಕ್ಕೆ ನಕಲು ಯಾರ ಬಳಿಯೂ ಇರಲಿಲ್ಲ. ಮುಂದೆ ದಡದ ಗುಡಿಸಲುಗಳನ್ನು ತೆರವು ಮಾಡಿದಾಗ ಅವಳಿಗೆ ಊರಿನ ದಕ್ಷಿಣದ ಅಂಚಿನ ಪೆರುಂಬಾಕ್ಕಂ ವಸತಿಯಲ್ಲಿ ಮನೆ ಸಿಕ್ಕಿತು. ಮನೆಯೇನೋ ಸಿಕ್ಕಿತು, ಅಲ್ಲಿಂದ ಸೈದಾಪೇಟೆಗೆ ದಿನವೂ ಬಂದುಹೋಗುವುದು ಆಗಲಿಲ್ಲ. ಕೆಲಸ ಹೋಯಿತು. ಊರು ಚೇತರಿಸಿಕೊಂಡಿತು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಎಲ್ಲರೂ ಒಂದೇ ದಿನ ಮುಳುಗಿದರೂ ಎಲ್ಲರೂ ಒಂದೇ ದಿನ ಏಳುವುದಿಲ್ಲ.

ನಸುಕಿನ ಭಜನೆ

ಹೊರಡುವ ಹಿಂದಿನ ದಿನ ನಸುಕಿನಲ್ಲಿ ಅತ್ತೆ ನಮ್ಮನ್ನು ಮಯಿಲಾಪುರಕ್ಕೆ ಕರೆದೊಯ್ದರು. ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಲ್ಲಿ ಧನುರ್ಮಾಸದ ಬೆಳಗಿನ ಜಾವ ಭಜನೆ ಹಾಡುತ್ತ ಸುತ್ತುವ ರೂಢಿಯಿದೆ. ಪಾಪನಾಶಂ ಶಿವನ್ ಇದ್ದ ಕಾಲದಲ್ಲಿ ಅವರೇ ಮುಂದೆ ನಿಂತು ಹಾಡಿಸುತ್ತಿದ್ದರು. ಟಿಕೆಟಿಲ್ಲ, ವೇದಿಕೆಯಿಲ್ಲ. ಹಾಲು ಹಾಕುವವನು ಸೈಕಲ್ ನಿಲ್ಲಿಸಿ ಎರಡು ಸಾಲು ಹಾಡಿ ಮುಂದೆ ಹೋಗುತ್ತಾನೆ. ಮನೆಗಳ ಮುಂದೆ ಅಗಲವಾದ ರಂಗೋಲಿ, ನಡುವೆ ಸಗಣಿಯುಂಡೆಯ ಮೇಲೆ ಕುಂಬಳದ ಹೂವು. ಮರಳಿ ಸೈದಾಪೇಟೆಗೆ ಬಂದರೆ, ನಮ್ಮ ಓಣಿಯಲ್ಲೂ ಆ ಕಂದು ಗೆರೆಯ ಕೆಳಗೆ ಯಾರೋ ರಂಗೋಲಿ ಬಿಟ್ಟಿದ್ದರು. ಹಿಂದಿನ ದಿನ ಇರಲಿಲ್ಲ.

ಮನೆಗೆ ಬಂದು ಅತ್ತೆ ಚಾಪೆ ಹಾಸಿದರು. ನೆರೆಯ ನಂತರದ ಮೊದಲ ಪಾಠ. ಓಣಿಯ ಮೂರು ಮಕ್ಕಳು ಕುಳಿತು ಮಲಹರಿಯ ಗೀತೆ ಹಾಡಿದರು. ವೀಣೆ ಇನ್ನೂ ನೆರಳಲ್ಲಿ ಒಣಗುತ್ತಿತ್ತು.

ಆ ವಾರ ಸಿಕ್ಕಿದ್ದು 61 ಹಾಡು. ನಾವು ಮುಂಬಯಿಗೆ ಮರಳಿದ ಮೇಲೂ ಫೋನಿನಲ್ಲಿ ಕೆಲಸ ನಡೆಯಿತು. ಬೇರೆ ಬೇರೆ ಊರುಗಳಲ್ಲಿರುವ ಶಿಷ್ಯೆಯರಿಂದ ಇನ್ನೂ 13 ಬಂದವು. ಅಲ್ಲಿಗೆ 74. ಉಳಿದ 12 ಸಿಗಲೇ ಇಲ್ಲ.

ಆ 12 ಯಾವುವು ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅವು ದೊಡ್ಡ ರಾಗದ ಕೀರ್ತನೆಗಳಲ್ಲ. ಗೌರಿಹಬ್ಬದ ಆರತಿ ಹಾಡು, ಬೀಗರನ್ನು ಛೇಡಿಸುವ ಹಾಡು, ತೊಟ್ಟಿಲ ಹಾಡು, ಅಜ್ಜಿಯ ಊರಿನ ಮನೆಮಾತಿನವು. ಅತ್ತೆ ಅವನ್ನು ಯಾರಿಗೂ ಕಲಿಸಿರಲಿಲ್ಲ. "ಈ ಹಳ್ಳಿ ಕನ್ನಡ ಇಲ್ಲಿ ಯಾರಿಗೆ ಬೇಕು ಅಂತ ಸುಮ್ಮನಿದ್ದೆ ಕಣೋ. ಮಟ್ಟು ನೆನಪಿದೆ, ಮಾತು ಹೋಯ್ತು," ಎನ್ನುತ್ತಿದ್ದರು. ಪರರಿಗೆ ಕೊಟ್ಟ 74 ಉಳಿದವು. ರೇಷ್ಮೆಯಲ್ಲಿ ಸುತ್ತಿ ಬಚ್ಚಿಟ್ಟ 12 ನೀರಿಗೆ ಹೋದವು.

ನಿಮಗೆ ನಾಲ್ಕು ಮಾತು

ಅತ್ತೆ ಈಗಿಲ್ಲ. ಮಗಳು ಆ ದೇವನಾಗರಿ ಹಾಳೆಗಳನ್ನು ಎದುರಿಟ್ಟುಕೊಂಡು, ಎರಡು ವರ್ಷ ಹಿಡಿದು, ಕನ್ನಡ ಲಿಪಿ ಕಲಿತು ಎಲ್ಲವನ್ನೂ ಕನ್ನಡದಲ್ಲಿ ಬರೆದಳು. ಅಕ್ಷರ ಇಂದಿಗೂ ಕೋಳಿಕಾಲಿನಂತಿವೆ. ಅದರ ಪ್ರತಿಗಳು ಇಂದು ಆರು ಮನೆಗಳಲ್ಲಿವೆ. ಅದರಲ್ಲಿ ನಾಲ್ಕು ತಮಿಳರ ಮನೆಗಳು.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದಲ್ಲಿ ಚೆನ್ನೈ ಮತ್ತೆ ಮುಳುಗಿತು. ವೇಲಚೇರಿ, ಪಳ್ಳಿಕರಣೈ, ಮುಡಿಚೂರುಗಳಲ್ಲಿ ಮತ್ತೆ ದೋಣಿಗಳು ಬಂದವು. ಆ ವರ್ಷವೂ ಹಾಡಿನ ತಿಂಗಳು ನಡೆಯಿತು. ಆದ್ದರಿಂದ ಹೋಗುವಾಗ ಬರಿಯ ಸಭಾಗಳನ್ನು ನೋಡಿ ಬರಬೇಡಿ. ಮಧ್ಯಾಹ್ನದ ಕಚೇರಿಗೆ ಹೋಗಿ ನಿಮ್ಮ ವಯಸ್ಸಿನವರು ಹಾಡುವುದನ್ನು ಕೇಳಿ. ಕ್ಯಾಂಟೀನಿನಲ್ಲಿ ಕೀರೆ ವಡೆ, ಫಿಲ್ಟರ್ ಕಾಫಿ ತಪ್ಪಿಸಬೇಡಿ. ಒಂದು ನಸುಕಿನಲ್ಲಿ ಮಾಡ ಬೀದಿ ಸುತ್ತಿ. ಒಂದು ಸಂಜೆ ಸೈದಾಪೇಟೆಯ ಸೇತುವೆಯ ಮೇಲೆ ನಿಂತು, ಕೆಳಗೆ ಸುಮ್ಮನೆ ಹರಿಯುವ ಅಡ್ಯಾರ್ ನದಿಯನ್ನು ನೋಡಿ.

ಹೊರಡುವ ಮೊದಲು ಇನ್ನೊಂದು ಕೆಲಸವಿದೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಅವರ ಪಕ್ಕ ಕುಳಿತುಕೊಳ್ಳಿ. 'ಇದು ಯಾರಿಗೆ ಬೇಕು' ಎಂದು ಅವರು ಹಾಡದೆ ಬಿಟ್ಟ ಒಂದು ಹಾಡು ಇದ್ದೇ ಇರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಿ. ಕನ್ನಡ ಲಿಪಿ ಬಾರದಿದ್ದರೆ ನಿಮಗೆ ಬರುವ ಲಿಪಿಯಲ್ಲೇ ಬರೆಯಿರಿ, ತಿದ್ದುವುದು ಆಮೇಲಾದೀತು. ಬರೆದದ್ದನ್ನು ಟ್ರಂಕಿನಲ್ಲಿ ಮಾತ್ರ ಇಡಬೇಡಿ. ಇನ್ನೊಬ್ಬರಿಗೆ ಕೊಡಿ.